‘ಮತ್ತು ಸಂಗಡಿಗರು’

ನಮ್ಮ ಜಿಲ್ಲೆಯಲ್ಲಿ ಕಾಫಿ ಗಿಡಕ್ಕೂ ಹೆಸರಿದೆ. ಯಾವ ತೋಟಕ್ಕೆ ಹೋಗಿ ಕೇಳಿದರೂ ‘ಇದು ಎಸ್. 795, ಅದು ಚಂದ್ರಗಿರಿ, ಆ ಮೂಲೆಯದು ಕಾವೇರಿ’ ಎಂದು ರೈಟರು ಬೆರಳು ಮಾಡಿ ತೋರಿಸುತ್ತಾರೆ. ಎಸ್. 795ರ ವಂಶಾವಳಿ ಹುಡುಕುತ್ತಾ ಹೋದರೆ ಕೆಂಟ್ಸ್ ಎಂಬ ಹಳೆಯ ತಳಿ ಸಿಗುತ್ತದೆ. ಕೆಂಟ್ ಎಂಬ ಬಿಳಿಯ ಪ್ಲಾಂಟರೊಬ್ಬ ಕಳೆದ ಶತಮಾನದ ಆರಂಭದಲ್ಲಿ ತನ್ನ ತೋಟದಲ್ಲಿ ಎಲೆತುಕ್ಕಿಗೆ ಬಗ್ಗದೆ ನಿಂತ ಗಿಡವನ್ನು ಗುರುತಿಸಿ ಬೀಜ ತೆಗೆದಿಟ್ಟ. ಗಿಡವನ್ನು ಅವನೇನೂ ಸೃಷ್ಟಿಸಲಿಲ್ಲ. ಆರಿಸಿದ, ಉಳಿಸಿದ, ಇನ್ನೊಬ್ಬರಿಗೆ ದಾಟಿಸಿದ. ಅಷ್ಟಕ್ಕೇ ಅವನ ಹೆಸರು ತಳಿಗೆ ಅಂಟಿಕೊಂಡು ನೂರು ವರ್ಷ ದಾಟಿ ಬಂದಿದೆ. ಬೇಡವೆನ್ನುವುದಿಲ್ಲ, ಇರಲಿ.

ಆದರೆ ಇದೇ ಬೆಟ್ಟಗಳಲ್ಲಿ ಹಾಡುಗಳನ್ನು ಆರಿಸಿದವರು, ಉಳಿಸಿದವರು, ದಾಟಿಸಿದವರು ಇದ್ದರಲ್ಲ, ಅವರ ಹೆಸರೇನು? ಮೂಡಿಗೆರೆಯ ಮದುವೆ ಮನೆಯಲ್ಲಿ ಹುಡುಗಿಯನ್ನು ಹಸೆಗೆ ಕರೆಯುವಾಗ ಎತ್ತಿದ ದನಿ ಯಾರದು? ಕಳಸದ ಗದ್ದೆಯಲ್ಲಿ ಸೊಂಟ ಬಗ್ಗಿಸಿ ಸಸಿ ನೆಡುತ್ತಾ ಸಾಲಿನ ಮುಂದೆ ನಿಂತು ಪದ ಹೇಳಿದವಳು ಯಾರು? ಕೇಳಿ ನೋಡಿ. ಒಂದೇ ಉತ್ತರ ಬರುತ್ತದೆ: ‘ಜನಪದ’. ಕ್ಯಾಸೆಟ್ಟಿನ ಕಾಲದಲ್ಲಿ ರಕ್ಷಾಪತ್ರದ ಮೇಲೆ ‘ಸಾಹಿತ್ಯ: ಜನಪದ’ ಎಂದು ಅಚ್ಚು ಹಾಕಿ, ಅದರ ಕೆಳಗೆ ಸಂಗೀತ ಯಾರದು, ವಾದ್ಯ ಸಂಯೋಜನೆ ಯಾರದು, ಧ್ವನಿಮುದ್ರಣ ಯಾರದು ಎಂದು ಒಬ್ಬೊಬ್ಬರ ಹೆಸರನ್ನೂ ಹಾಕುತ್ತಿದ್ದರು. ತಬಲ ಬಾರಿಸಿದವನಿಗೆ ಹೆಸರಿತ್ತು. ಹಾಡು ಕೊಟ್ಟವಳಿಗಿರಲಿಲ್ಲ. ರೇಡಿಯೋದಲ್ಲಿ ತಂಡದ ಮುಂದಾಳುವಿನ ಹೆಸರು ಹೇಳಿ ‘ಮತ್ತು ಸಂಗಡಿಗರು’ ಎಂದು ಮುಗಿಸುವುದು ಇಂದಿಗೂ ರೂಢಿ. ನಮ್ಮ ಅಜ್ಜಿಯಂದಿರು, ಅತ್ತೆಯಂದಿರು, ನಮ್ಮ ತೋಟಗಳ ಹೆಣ್ಣಾಳುಗಳು, ಎಲ್ಲರೂ ಆ ‘ಮತ್ತು ಸಂಗಡಿಗರು’ ಎಂಬ ಎರಡು ಪದಗಳ ಒಳಗೆ ಹೂತುಹೋಗಿದ್ದಾರೆ.

ಇದರಲ್ಲಿ ಅಂಥ ನಷ್ಟವೇನು, ಹಾಡು ಉಳಿದಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಉಳಿದಿಲ್ಲ ಎನ್ನುವುದೇ ನನ್ನ ತಕರಾರು. ಉಳಿದಿರುವುದು ಮಾತು. ಹಾಡು ಎಂದರೆ ಮಾತು ಮಾತ್ರವೇ? ಧಾಟಿ ಇಲ್ಲದ ಸೋಬಾನೆ ಪದವನ್ನು ಪುಸ್ತಕದಲ್ಲಿ ಓದುವುದೆಂದರೆ ಕಾಫಿ ಪುಡಿಯನ್ನು ಚಮಚದಲ್ಲಿ ಬಾಯಿಗೆ ಹಾಕಿಕೊಂಡ ಹಾಗೆ. ಕಾಫಿಯೇನೋ ಹೌದು, ಕುಡಿದಂತಾಗಲಿಲ್ಲ.

ಹಾಡಿದವರನ್ನು ಹತ್ತಿರದಿಂದ ಕಂಡವರಿಗೆ ಧಾಟಿಯ ಲೆಕ್ಕಾಚಾರ ಗೊತ್ತು. ಅರಿಶಿನ ಹಚ್ಚುವಾಗಿನ ಪದ ನಿಧಾನ. ಕೈ ಮೈಮೇಲೆ ಎಷ್ಟು ಮೆಲ್ಲಗೆ ಓಡುತ್ತದೋ ದನಿಯೂ ಅಷ್ಟೇ ಮೆಲ್ಲಗೆ ಓಡಬೇಕು. ಬೀಗರನ್ನು ಜರೆಯುವ ಪದಕ್ಕೆ ಚುರುಕು ನಡೆ, ಏಕೆಂದರೆ ಬೈಗುಳ ತಡವಾದರೆ ನಗು ಬರುವುದಿಲ್ಲ. ಹೆಣ್ಣೊಪ್ಪಿಸುವ ಪದದಲ್ಲಿ ಸಾಲಿನ ಕೊನೆಯನ್ನು ಎಳೆಯುವ ಪರಿಯೇ ಬೇರೆ. ಆ ಎಳೆತದಲ್ಲಿ ಎದುರು ಕೂತ ಗಂಡಸರೂ ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಮುಂದಾಗಿ ಹೇಳುವವಳು ಒಂದು ಸಾಲು ಬಿಡುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಅವರು ಸೊಲ್ಲು ಎಳೆಯುವಷ್ಟರಲ್ಲಿ ಆಕೆ ಮುಂದಿನ ಸಾಲನ್ನು ನೆನಪಿನಿಂದ ಎತ್ತಿಕೊಳ್ಳಬೇಕು, ಇಲ್ಲವೇ ಅಲ್ಲಿಯೇ ಕಟ್ಟಬೇಕು. ಒಂದೇ ಧಾಟಿಗೆ ಹತ್ತು ಪದ ಕೂರುತ್ತವೆ. ಒಂದೇ ಪದ ಹೊತ್ತಿಗೆ ತಕ್ಕಂತೆ ಎರಡು ಧಾಟಿಯಲ್ಲಿ ನಡೆಯುತ್ತದೆ. ಯಾವ ಪದವನ್ನು ಯಾವ ಧಾಟಿಗೆ, ಯಾವ ಹೊತ್ತಿನಲ್ಲಿ, ಎಷ್ಟು ಎಳೆದು ಹೇಳಬೇಕೆಂಬ ಇಷ್ಟೂ ತಿಳಿವಳಿಕೆ ಒಬ್ಬ ಹೆಂಗಸಿನ ಕೊರಳಿನಲ್ಲಿದೆ. ಅವಳು ಹೋದಳೆಂದರೆ ಅದೂ ಹೋಯಿತು. ಇದು ವಿದ್ಯೆಯಲ್ಲದೆ ಮತ್ತೇನು?

ಗಂಡಸರ ಹಾಡಿಗೆ ಈ ಗತಿ ಬರಲಿಲ್ಲವೆಂಬುದನ್ನೂ ಗಮನಿಸಿ. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿಯ ಕಡೆ ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆ ಮನೆಗೆ ಹಾಡುತ್ತಾ ಬರುತ್ತಾರೆ. ಅವರಿಗೊಂದು ತಂಡ, ತಂಡಕ್ಕೊಬ್ಬ ಮುಂದಾಳು, ಬಾಗಿಲಿಗೆ ಬಂದರೆ ದೀಪಕ್ಕೆ ಎಣ್ಣೆ, ಕೈಗೆ ಕಾಣಿಕೆ. ಚೆನ್ನಾಗಿಯೇ ಇದೆ, ಹಾಗೆಯೇ ನಡೆಯಲಿ. ಹೆಂಗಸರ ಹಾಡು ಮಾತ್ರ ಕೆಲಸದ ಜೊತೆಗೆ ಬೆಸೆದುಕೊಂಡಿತ್ತು. ಬೀಸುವಾಗ, ಕುಟ್ಟುವಾಗ, ನೆಡುವಾಗ, ಮಗು ತೂಗುವಾಗ. ಕೆಲಸಕ್ಕೇ ಲೆಕ್ಕವಿಲ್ಲದ ಮೇಲೆ ಕೆಲಸದ ಜೊತೆಗಿನ ಹಾಡಿಗೆ ಯಾರು ಲೆಕ್ಕ ಇಡುತ್ತಾರೆ? ಬೀಸುವ ಕಲ್ಲು ಅಟ್ಟ ಸೇರಿತು, ಹಿಟ್ಟಿನ ಗಿರಣಿ ಬಂತು. ಗದ್ದೆಗಳು ಪಾಳು ಬಿದ್ದವು, ಇಲ್ಲವೇ ಅಡಿಕೆ ತೋಟವಾದವು. ಕೆಲಸ ನಿಂತಾಗ ಹಾಡೂ ನಿಂತಿತು. ಮಿಕ್ಕದ್ದು ಮದುವೆ ಮನೆಯ ಹಾಡೊಂದೇ.

ಹಾಡು ಸಂಗ್ರಹಿಸಿದ ಹಿರಿಯರ ಬಗ್ಗೆ ನನಗೆ ಗೌರವವಿದೆ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದಾಗ ಅವರ ಕೈಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಓದಿದವರು ಹಳ್ಳಿಯ ಹಾಡೆಂದರೆ ಮೂಗು ಮುರಿಯುತ್ತಿದ್ದ ಕಾಲ ಅದು. ಅವರು ಪೆನ್ಸಿಲು ಹಿಡಿದು ಕೂತು ಬರೆದುಕೊಂಡರಲ್ಲ, ಆ ಋಣ ದೊಡ್ಡದು. ಆದರೆ ‘ಗರತಿ’ ಎಂಬುದು ಹೆಸರಲ್ಲ, ಬಿರುದು. ಆ ಬಿರುದಿನ ಹಿಂದೆ ಎಷ್ಟು ಜನ ಹೆಂಗಸರಿದ್ದರೋ, ಯಾವ ಧಾಟಿಯಲ್ಲಿ ಹಾಡಿದರೋ, ಪುಟಗಳು ಹೇಳುವುದಿಲ್ಲ. ಅವರ ಕಾಲಕ್ಕೆ ಅದು ಅನಿವಾರ್ಯವಾಗಿತ್ತು. ಟೇಪ್ ರೆಕಾರ್ಡರ್ ಬಂದ ಮೇಲೂ, ಕಾಲೇಜುಗಳಿಂದ ಹುಡುಗರು ಹಳ್ಳಿ ಹಳ್ಳಿಗೆ ಹೋಗಿ ‘ಜನಪದ ಸಂಗ್ರಹ’ ಮಾಡುವ ಕಾಲದಲ್ಲೂ ಅದೇ ರೂಢಿ ಮುಂದುವರಿದದ್ದು ಮಾತ್ರ ಅನಿವಾರ್ಯವಲ್ಲ, ಅಸಡ್ಡೆ. ಸಂಗ್ರಾಹಕರ ಹೆಸರು ಮುಖಪುಟದ ಮೇಲೆ, ಭಾವಚಿತ್ರ ಬೆನ್ನುಪುಟದ ಮೇಲೆ. ಹಾಡಿದವಳು ಎಲ್ಲೋ ಮುನ್ನುಡಿಯಲ್ಲಿ ‘ಹಳ್ಳಿಯ ತಾಯಂದಿರಿಗೆ ವಂದನೆಗಳು’ ಎಂಬ ಒಂದು ಸಾಲು.

ಬೇರೆ ರೀತಿ ಮಾಡಲು ಬರುತ್ತಿರಲಿಲ್ಲವೇ? ಬರುತ್ತಿತ್ತು, ಮಾಡಿದವರೂ ಇದ್ದಾರೆ. ಎಚ್.ಎಲ್. ನಾಗೇಗೌಡರು ಒಂದು ಸಂಗ್ರಹಕ್ಕೆ ‘ಸೋಬಾನೆ ಚಿಕ್ಕಮ್ಮನ ಪದಗಳು’ ಎಂದೇ ಹೆಸರಿಟ್ಟರು. ಪುಸ್ತಕದ ಹೆಸರಿನಲ್ಲೇ ಹಾಡಿದಾಕೆ ಕೂತಿದ್ದಾಳೆ. ಚಳ್ಳಕೆರೆ ಕಡೆಯ ಸಿರಿಯಜ್ಜಿಯನ್ನು ಕೃಷ್ಣಮೂರ್ತಿ ಹನೂರರು ಸಿರಿಯಜ್ಜಿಯೆಂದೇ ನಾಡಿಗೆ ಪರಿಚಯಿಸಿದರು. ನಮ್ಮ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದರೆ ಸಿಗುವ ಬೆಳ್ತಂಗಡಿ ಸೀಮೆಯಲ್ಲಿ, 1990ರ ಡಿಸೆಂಬರಿನಲ್ಲಿ, ಫಿನ್ಲೆಂಡಿನ ಲೌರಿ ಹೊಂಕೊ ಎಂಬ ವಿದ್ವಾಂಸರು ವಿವೇಕ ರೈ, ಚಿನ್ನಪ್ಪ ಗೌಡರ ಜೊತೆಗೂಡಿ ತುಳುವಿನ ಸಿರಿ ಪಾಡ್ದನವನ್ನು ದಿನಗಟ್ಟಲೆ ಧ್ವನಿಮುದ್ರಿಸಿಕೊಂಡರು. ಹದಿನೈದು ಸಾವಿರಕ್ಕೂ ಮಿಕ್ಕಿದ ಸಾಲುಗಳ ಆ ಕಾವ್ಯ 1998ರಲ್ಲಿ ಅಚ್ಚಾದಾಗ ಅದರ ಶೀರ್ಷಿಕೆಯಲ್ಲೇ ‘ಗೋಪಾಲ ನಾಯ್ಕರು ಹಾಡಿದ್ದು’ ಎಂದು ಬರೆಯಲಾಯಿತು. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ನಾಡಿಗೆ ನಾಡೇ ಅವರ ಹೆಸರು ಹಿಡಿದು ದುಃಖಪಟ್ಟಿತು. ಹಾಡಿದವರಿಗೆ ಹೆಸರಿರುತ್ತದೆ, ಕೇಳಿ ಬರೆದುಕೊಳ್ಳುವ ಮನಸ್ಸು ಬೇಕು, ಅಷ್ಟೆ.

ಈಗ ಸ್ವಲ್ಪ ದೂರದ ಒಂದು ಮಾತು. ನಿಮ್ಮ ಮಗಳು ಸಂಗೀತ ಪಾಠಕ್ಕೆ ಹೋಗುತ್ತಿದ್ದರೆ ನೊಟ್ಟುಸ್ವರವೆಂಬ ಹೆಸರು ನಿಮ್ಮ ಕಿವಿಗೆ ಬಿದ್ದಿರುತ್ತದೆ. ಇನ್ನೂರು ವರ್ಷಗಳ ಹಿಂದೆ ಮುತ್ತುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಇಂಗ್ಲಿಷರ ವಾದ್ಯದವರು ನುಡಿಸುತ್ತಿದ್ದ ಧಾಟಿಗಳನ್ನು ಕೇಳಿ, ಅವುಗಳ ಮೇಲೆ ಸಂಸ್ಕೃತ ಸಾಹಿತ್ಯ ಕೂರಿಸಿದರು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕಲಿತು ನಮ್ಮ ಸಂಗೀತಕ್ಕೆ ತಂದವರಲ್ಲಿ ಮೊದಲಿಗರು. ಮಕ್ಕಳು ಹಾಡುವ ‘ವಂದೇ ಮೀನಾಕ್ಷಿ’ ಇದೆಯಲ್ಲ, ಅದರ ಧಾಟಿ ಐರ್ಲೆಂಡಿನದು. ಅಲ್ಲಿಯ ಲಿಮರಿಕ್ ಎಂಬ ಊರಿನ ಹೆಸರೇ ಆ ಧಾಟಿಗೂ ಇದೆ. ಏಳು ಕಡಲಾಚೆಯ ಕುಣಿತದ ಧಾಟಿಯೊಂದು ಸ್ವರಲಿಪಿಯಲ್ಲಿ ಅಚ್ಚಾಗಿ ಚಿಕ್ಕಮಗಳೂರಿನ ಹುಡುಗಿಯ ಪುಸ್ತಕಕ್ಕೆ ಬಂದು ಸೇರಬಹುದು. ಅದೇ ಹುಡುಗಿಯ ಮುತ್ತಜ್ಜಿ ಹತ್ತು ಮೈಲಿಯಾಚೆ ಹಾಡುತ್ತಿದ್ದ ಹಸೆಯ ಧಾಟಿಗೆ ಒಂದು ಸಾಲು ಸ್ವರವನ್ನೂ ಯಾರೂ ಬರೆದಿಡಲಿಲ್ಲ.

ಆ ಐರ್ಲೆಂಡಿನವರು ತಮ್ಮ ಪಿಟೀಲಿನ ಧಾಟಿಗಳನ್ನು ಹೇಗೆ ಇಟ್ಟುಕೊಂಡಿದ್ದಾರೆಂದು ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಅಲ್ಲಿ ಪಿಟೀಲು ಕಛೇರಿಯ ವಾದ್ಯವಲ್ಲ, ರೈತರ ಅಡುಗೆಮನೆಯ ವಾದ್ಯ. ಸಂಜೆ ಅಕ್ಕಪಕ್ಕದವರು ಸೇರಿದರೆ ಕುರ್ಚಿಗಳನ್ನು ಗೋಡೆಗೆ ಸರಿಸಿ ಕುಣಿಯುತ್ತಿದ್ದರು. ಬಾಯಿಯಿಂದ ಕಿವಿಗೆ, ಕಿವಿಯಿಂದ ಬೆರಳಿಗೆ ದಾಟಿದ ಸಾವಿರಾರು ಧಾಟಿಗಳನ್ನು ಯಾರು ಕಟ್ಟಿದರೆಂದು ಅವರಿಗೂ ಗೊತ್ತಿಲ್ಲ. ಆದರೆ ಯಾರಿಂದ ಬಂತೆಂದು ಗೊತ್ತು. ಧಾಟಿಗೆ ಅದನ್ನು ಕೊಟ್ಟವರ ಹೆಸರನ್ನೇ ಇಡುವುದು ಅಲ್ಲಿಯ ವಾಡಿಕೆ. ನುಡಿಸುವ ಮುಂಚೆ ‘ಇದು ನನಗೆ ಇಂಥವರಿಂದ ಸಿಕ್ಕಿದ್ದು’ ಎನ್ನುವುದು ಅಲ್ಲಿ ಮರ್ಯಾದೆ.

ಫ್ರಾನ್ಸಿಸ್ ಓನೀಲ್ ಎಂಬಾತ ಆ ನಾಡಿನಿಂದ ಅಮೆರಿಕಕ್ಕೆ ವಲಸೆ ಹೋಗಿ ಷಿಕಾಗೋ ನಗರದ ಪೊಲೀಸ್ ಮುಖ್ಯಸ್ಥನಾದವನು. ತನಗೆ ಸ್ವರ ಬರೆಯಲು ಬಾರದಿದ್ದರೂ ಬರೆಯಬಲ್ಲ ಇನ್ನೊಬ್ಬನನ್ನು ಕೂರಿಸಿಕೊಂಡು, ವಲಸೆ ಬಂದ ತನ್ನ ಜನರಿಂದ ಧಾಟಿಗಳನ್ನು ಹುಡುಕಿ 1903ರಲ್ಲಿ 1850 ಧಾಟಿಗಳ ಪುಸ್ತಕ ಮಾಡಿದ. ಅಷ್ಟಕ್ಕೇ ಬಿಡದೆ 1913ರಲ್ಲಿ ಆ ಸಂಗೀತವನ್ನು ಹೊತ್ತು ತಂದ ಜನರ ಬದುಕಿನ ಮೇಲೆಯೇ ಇನ್ನೊಂದು ದಪ್ಪ ಪುಸ್ತಕ ಬರೆದ. ಅಲ್ಲಿಯ ಸ್ಲೀವ್ ಲೂಕ್ರಾ ಎಂಬ ಗುಡ್ಡಗಾಡು ಸೀಮೆಯಲ್ಲಿ ಪಾಡ್ರಿಗ್ ಓಕೀಫ್ (1887-1963) ಎಂಬ ಮೇಷ್ಟ್ರಿದ್ದರು. ಶಾಲೆಯ ಕೆಲಸ ಹೋದ ಮೇಲೆ ಊರೂರು ಅಲೆದು ಪಿಟೀಲು ಕಲಿಸಿದರು. ಸ್ವರ ಓದಲು ಬಾರದ ರೈತರ ಮಕ್ಕಳಿಗೆಂದು, ಯಾವ ತಂತಿಯ ಮೇಲೆ ಯಾವ ಬೆರಳೆಂದು ಗೆರೆ ಮತ್ತು ಅಂಕಿಗಳಲ್ಲಿ ತೋರಿಸುವ ತಮ್ಮದೇ ಲಿಪಿಯೊಂದನ್ನು ಬಳಸಿ ಕಾಗದದ ಚೂರುಗಳ ಮೇಲೆ ಬರೆದು ಕೊಟ್ಟರು. ಅವರ ಶಿಷ್ಯೆ ಜೂಲಿಯಾ ಕ್ಲಿಫರ್ಡ್ (1914-1997) ಲಂಡನ್ನಿಗೆ ಹೋಗಿ ಬಾಳಿದ ಹೆಂಗಸು. ಆಕೆಯಿಂದ ಬಂದ ಧಾಟಿಗಳನ್ನು ಇಂದಿಗೂ ಆಕೆಯ ಹೆಸರಿನಲ್ಲೇ ನುಡಿಸುತ್ತಾರೆ. ಅವರಿಗೇನು ಎಲ್ಲವೂ ಸಲೀಸಾಗಿತ್ತೆಂದಲ್ಲ. ಮನೆಗಳಲ್ಲಿ ಸೇರಿ ಕುಣಿಯುವುದು ಕೆಟ್ಟದ್ದೆಂದು ಅಲ್ಲಿಯ ಪಾದ್ರಿಗಳು ಗದರಿದರು; 1935ರಲ್ಲಿ ಕುಣಿತದ ಕೂಟಗಳಿಗೆ ಪರವಾನಗಿ ಬೇಕೆಂಬ ಕಾನೂನೂ ಬಂತು. ಹಾಗಿದ್ದೂ ಉಳಿಸಿಕೊಂಡರು.

ನಮಗೆ ಯಾವ ಪಾದ್ರಿ ಅಡ್ಡ ಬಂದ? ಯಾವ ಕಾನೂನು ತಡೆಯಿತು? ಯಾರೂ ಇಲ್ಲ. ಪೇಟೆಯ ನಮ್ಮ ನಾಚಿಕೆಯೇ ಸಾಕಾಯಿತು. ಈಗಿನ ಮದುವೆಗಳನ್ನು ನೋಡಿ. ಅರಿಶಿನ ಶಾಸ್ತ್ರ ಹೋಗಿ ‘ಹಳದಿ’ ಆಗಿದೆ. ಎಲ್ಲರೂ ಹಳದಿ ಬಟ್ಟೆಯಲ್ಲೇ ಬರಬೇಕೆಂದು ವಾಟ್ಸಾಪಿನಲ್ಲಿ ಆಜ್ಞೆ ಹೊರಡುತ್ತದೆ. ಅದರ ಹಿಂದಿನ ರಾತ್ರಿ ‘ಸಂಗೀತ್’. ಸಂಗೀತವಲ್ಲ, ಸಂಗೀತ್. ಹಿಂದಿ ಸಿನಿಮಾ ಹಾಡಿಗೆ ಹೆಜ್ಜೆ ಕಲಿಸಲು ಬೆಂಗಳೂರಿನಿಂದ ಮಾಸ್ತರರು ಬರುತ್ತಾರೆ. ವರನ ಚಿಕ್ಕಪ್ಪ, ವಧುವಿನ ಸೋದರಮಾವ ಎಲ್ಲರೂ ಮಂಡಿನೋವಿನಲ್ಲೇ ಕುಣಿಯುತ್ತಾರೆ. ಕುಣಿಯಲಿ, ಸಂತೋಷ. ಆದರೆ ಮೂಲೆಯ ಕುರ್ಚಿಯಲ್ಲಿ ಕೂತ ಎಂಬತ್ತರ ಮುದುಕಿ ಅಭ್ಯಾಸಬಲದಿಂದ ದನಿ ಎತ್ತಿದರೆ, ‘ಸಾಕು ಮಾರಾಯ್ತಿ, ವೀಡಿಯೋದಲ್ಲಿ ಬರುತ್ತೆ’ ಎಂದು ಮೊಣಕೈಯಲ್ಲಿ ತಿವಿಯುವವರು ಯಾರು? ಓದಿದ ನಾವೇ. ಅದೇ ನಾವು ನವರಾತ್ರಿಯ ಸ್ಪರ್ಧೆಯಲ್ಲಿ ‘ಜಾನಪದ ಗೀತೆ’ ವಿಭಾಗಕ್ಕೆ ಮಕ್ಕಳಿಗೆ ಇಳಕಲ್ ಸೀರೆ ಸುತ್ತಿ, ತಲೆಯ ಮೇಲೆ ಥರ್ಮೋಕೋಲಿನ ಬಿಂದಿಗೆ ಇಟ್ಟು, ಕ್ಯಾಸೆಟ್ಟಿನಲ್ಲಿ ಕಲಿತ ನಾಲ್ಕೇ ನಾಲ್ಕು ಹಾಡನ್ನು ಹಾಡಿಸುತ್ತೇವೆ. ಮಲೆನಾಡಿನ ಮಕ್ಕಳ ಬಾಯಲ್ಲಿ ಚಾಮರಾಜನಗರದ ಬೆಟ್ಟದ ಮಾದಪ್ಪನ ಹಾಡು. ಮಾದಪ್ಪನ ಮೇಲೆ ನನಗೆ ಮುನಿಸಿಲ್ಲ. ಆದರೆ ಭದ್ರೆಯ ದಡದ ಮಕ್ಕಳಿಗೆ ಭದ್ರೆಯ ದಡದ ಒಂದು ಧಾಟಿಯೂ ಬಾರದಿರುವುದು ನಗುವ ವಿಷಯವೇ?

ಇನ್ನೊಂದು ಮಾತು ಹೇಳಲೇಬೇಕು. ಇದು ನಮ್ಮಲ್ಲಿ ಹಲವರಿಗೆ ರುಚಿಸಲಾರದು. ‘ನಮ್ಮ ಹಾಡು’ ಎಂದು ನಾವು ಯಾವುದನ್ನು ಕರೆಯುತ್ತೇವೆ? ನಮ್ಮ ಮನೆಯೊಳಗಿನವರು ಹಾಡಿದ್ದನ್ನು ಮಾತ್ರ. ಈ ತೋಟಗಳಿಗೆ ಘಟ್ಟದ ಕೆಳಗಿನಿಂದ ತುಳು ಮಾತಾಡುವವರು ತಲೆಮಾರುಗಳಿಂದ ಕೆಲಸಕ್ಕೆ ಬಂದರು, ಬಯಲುಸೀಮೆಯಿಂದ ಬಂದರು, ತಮಿಳುನಾಡಿನಿಂದ ಬಂದರು. ಈಗ ಅಸ್ಸಾಮು, ಬಂಗಾಳ, ಜಾರ್ಖಂಡಿನಿಂದ ಬರುತ್ತಿದ್ದಾರೆ. ಲೈನ್ ಮನೆಗಳಲ್ಲಿ ಸಂಜೆ ಒಲೆ ಉರಿಯುವಾಗ ಎಷ್ಟು ಭಾಷೆಯ ಪದಗಳು ಹುಟ್ಟಿ ಸತ್ತವೋ ಲೆಕ್ಕ ಇಟ್ಟವರಿಲ್ಲ. ಹಣ್ಣು ಕುಯ್ದ ತೂಕವನ್ನು ಮೇಸ್ತ್ರಿ ಚೀಟಿಯಲ್ಲಿ ಬರೆಯುತ್ತಾನೆ, ಗ್ರಾಮೂ ತಪ್ಪುವುದಿಲ್ಲ. ಅದೇ ಹೆಂಗಸು ಯಜಮಾನರ ಮನೆಯ ಮದುವೆಯಲ್ಲಿ ರಾತ್ರಿಯಿಡೀ ಚಪ್ಪರದ ಕೆಳಗೆ ಕೂತು ಹಾಡಿದರೆ ಬೆಳಗ್ಗೆ ಎಲೆ ಅಡಿಕೆ, ತೆಂಗಿನಕಾಯಿ, ಒಂದು ರವಿಕೆ ಕಣ. ‘ಗೌರವ ಮಾಡಿದೆವು’ ಎನ್ನುತ್ತೇವೆ. ಅದೇ ಮದುವೆಗೆ ಪೇಟೆಯಿಂದ ಮೈಕು ತಂದ ವಾದ್ಯಗೋಷ್ಠಿಯವರಿಗೆ ಮುಂಗಡ ಬೇರೆ, ಬಾಕಿ ಬೇರೆ, ಊಟ, ವ್ಯಾನಿನ ಬಾಡಿಗೆ ಬೇರೆ. ಗೌರವಕ್ಕೂ ಗೌರವಧನಕ್ಕೂ ಇರುವ ಈ ವ್ಯತ್ಯಾಸವನ್ನು ಹಾಡುವ ಹೆಂಗಸರು ನಮಗಿಂತ ಚೆನ್ನಾಗಿ ಬಲ್ಲರು. ಅವರ ಮಕ್ಕಳು ಹಾಡು ಕಲಿಯಲಿಲ್ಲವೆಂದು ನಾವು ಮರುಗುತ್ತೇವೆ. ರವಿಕೆ ಕಣಕ್ಕೋಸ್ಕರ ಯಾವ ಮಗಳು ರಾತ್ರಿಯಿಡೀ ಕೊರಳು ಹರಿದುಕೊಳ್ಳುತ್ತಾಳೆ?

ಇದಕ್ಕೆಲ್ಲ ಉತ್ತರವಾಗಿ ಪಂಡಿತರೊಂದು ಸಿದ್ಧಾಂತ ಇಟ್ಟುಕೊಂಡಿದ್ದಾರೆ: ಜಾನಪದ ಸಮೂಹದ ಸೃಷ್ಟಿ, ಅದಕ್ಕೆ ಕರ್ತೃವಿಲ್ಲ, ಹೆಸರು ಕೇಳುವುದೇ ತಪ್ಪು. ಕರ್ತೃವಿಲ್ಲವೆಂದು ನಾನೂ ಒಪ್ಪುತ್ತೇನೆ. ಆದರೆ ಹೊತ್ತು ತಂದವರಿಲ್ಲವೇ? ಕೆಂಟ್ ಕಾಫಿಯ ಕರ್ತೃವೇ? ಇನ್ನು ಕೆಲವರ ವಾದ: ಹಾಡು ಹರಿಯುವ ನೀರು, ಹಳತು ಹೋಗಿ ಹೊಸತು ಬರುತ್ತದೆ, ಹಿಡಿದಿಡುವುದೇಕೆ? ಹೊಸತು ಬಂದಿದ್ದರೆ ನಾನು ಸುಮ್ಮನಿರುತ್ತಿದ್ದೆ. ನಮ್ಮ ಹೆಂಗಸರು ಹೊಸ ಬೀಗರ ಪದ ಕಟ್ಟಿದ್ದರೆ, ಹೊಸ ಧಾಟಿ ಹುಟ್ಟಿಸಿದ್ದರೆ, ಅದು ಹರಿವು. ಬಾಯಿ ಮುಚ್ಚಿಕೊಂಡು ಸ್ಪೀಕರ್ ಹಾಕುವುದು ಹರಿವಲ್ಲ, ಬತ್ತುವುದು. ಮೂರನೆಯವರು ಹೇಳುತ್ತಾರೆ: ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ಎಲ್ಲ ರೆಕಾರ್ಡಾಗುತ್ತಿದೆ. ಆಗುತ್ತಿದೆ, ನಿಜ. ‘ಅಜ್ಜಿ ಸಾಂಗ್’ ಎಂಬ ಹೆಸರಿನಲ್ಲಿ ಅರ್ಧ ನಿಮಿಷ. ಯಾವ ಅಜ್ಜಿ, ಯಾವ ಊರು, ಯಾವ ಶಾಸ್ತ್ರದ ಪದ, ಯಾರಿಂದ ಕಲಿತದ್ದು, ಒಂದೂ ಇಲ್ಲ. ನಾಳೆ ಬೆಳಗಿನ ಶುಭೋದಯದ ಗುಲಾಬಿ ಹೂಗಳ ಕೆಳಗೆ ಅದು ಸಮಾಧಿ.

ಬೈದದ್ದು ಸಾಕು, ಏನು ಮಾಡೋಣ ಹೇಳು ಎನ್ನುವಿರಾದರೆ, ದೊಡ್ಡ ಯೋಜನೆ ಏನೂ ಬೇಕಿಲ್ಲ. ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಹಾಡುವಾಕೆ ಒಬ್ಬಳಿದ್ದರೆ, ತೋಟದ ಲೈನಿನಲ್ಲಿದ್ದರೂ ಸರಿ, ಆಕೆಯ ಹೊತ್ತು ನೋಡಿಕೊಂಡು ಹೋಗಿ. ಕುಯಿಲಿನ ಸಮಯದಲ್ಲಿ ಹೋಗಬೇಡಿ, ಪಾಪ, ಸುಸ್ತಾಗಿರುತ್ತಾರೆ. ಪದವನ್ನು ಮೊದಲಿನಿಂದ ಕೊನೆಯವರೆಗೆ ಹಾಡಿಸಿ. ಮಧ್ಯೆ ನಿಲ್ಲಿಸಿ ಅರ್ಥ ಕೇಳಬೇಡಿ, ಧಾಟಿ ಕಡಿಯುತ್ತದೆ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಆರು ಸಂಗತಿ ಬರೆದಿಡಿ: ಆಕೆಯ ಪೂರ್ತಿ ಹೆಸರು, ತವರೂರು, ಈಗಿನ ಊರು, ಯಾರಿಂದ ಕಲಿತದ್ದು, ಯಾವ ಶಾಸ್ತ್ರಕ್ಕೆ ಅಥವಾ ಯಾವ ಕೆಲಸಕ್ಕೆ ಹಾಡುವುದು, ಬರೆದ ದಿನ. ನಿಮ್ಮ ಮಗಳಿಗೆ ಪಾಠ ಹೇಳುವ ಟೀಚರನ್ನು ಕೂರಿಸಿ ಧಾಟಿಗೆ ಸ್ವರ ಹಾಕಿಸಿ. ಎಳೆತಗಳು ಸ್ವರಲಿಪಿಗೆ ಪೂರ್ತಿ ಸಿಗಲಾರವು, ಸಿಕ್ಕಷ್ಟು ಸಿಗಲಿ. ಆಕೆ ಒಪ್ಪದೆ ಎಲ್ಲಿಗೂ ಕಳಿಸಬೇಡಿ. ಇದು ಸೌಜನ್ಯದ ಮಾತಷ್ಟೇ ಅಲ್ಲ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿ ಹಾಡುಗಾರರಿಗೂ ತಮ್ಮ ಹಾಡಿಕೆಯ ಮೇಲೆ ಹಕ್ಕು ಕೊಟ್ಟಿದೆ. ಪದ ಯಾರದ್ದೂ ಅಲ್ಲದಿರಬಹುದು. ಹಾಡಿದ ಆ ಕೊರಳು ಅವಳದು. ಮತ್ತು ದುಡ್ಡು ಕೊಡಿ. ಸಂಕೋಚಪಟ್ಟುಕೊಂಡು ಕುಂಕುಮದ ಜೊತೆ ಮಡಿಸಿ ಕೊಡುವ ನೋಟಲ್ಲ. ವಾದ್ಯಗೋಷ್ಠಿಯವರಿಗೆ ಕೊಟ್ಟ ಹಾಗೆ, ಮೊದಲೇ ಮಾತಾಡಿ, ಲೆಕ್ಕದ ಪ್ರಕಾರ.

ನಮ್ಮ ಲಗ್ನಪತ್ರಿಕೆಗಳು ಎಷ್ಟು ಉದಾರಿಗಳು! ಸುಖಾಗಮನ ಬಯಸುವವರೆಂದು ಇಡೀ ವಂಶದ ಪಟ್ಟಿ ಇರುತ್ತದೆ. ಇನ್ನೂ ಮಾತು ಬಾರದ ಮಕ್ಕಳ ಹೆಸರನ್ನೂ ಹಾಕಿ ‘ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ’ ಎಂದು ಕರೆಸುತ್ತೇವೆ. ಅಷ್ಟು ಜಾಗವಿರುವ ಪತ್ರಿಕೆಯಲ್ಲಿ ಇನ್ನೊಂದು ಸಾಲಿಗೆ ಜಾಗ ಸಿಗದೇ? ಮುಂದಿನ ಮಾಘದಲ್ಲಿ ನಿಮ್ಮ ಮನೆಯಲ್ಲಿ ಶುಭಕಾರ್ಯವಿದ್ದರೆ ಪ್ರೆಸ್ಸಿನವರಿಗೆ ಹೇಳಿ: ಮುಹೂರ್ತದ ಕೆಳಗೆ, ಆರತಕ್ಷತೆಯ ಮೇಲೆ, ‘ಹಸೆ ಹಾಡು’ ಎಂದು ಹಾಕಿ, ಅದರ ಮುಂದೆ ಹಾಡುವವರ ಹೆಸರನ್ನು ಊರಿನ ಸಮೇತ ಅಚ್ಚು ಮಾಡಿಸಿ. ಐದು ಜನರಿದ್ದರೆ ಐದು ಹೆಸರು. ‘ಮತ್ತು ಸಂಗಡಿಗರು’ ಎಂದು ಮಾತ್ರ ಬೇಡ.